ಇಲವಾಲದಲ್ಲೊಂದು ಭಿನ್ನರಾಶಿ ಪಾಠ

ಹುಣಸೂರು ರಸ್ತೆಯ ಬಸ್ಸಿನಿಂದ ಇಲವಾಲದಲ್ಲಿ ಇಳಿದು ಶಾಲೆ ಸೇರುವ ಹೊತ್ತಿಗೆ ಪ್ರಾರ್ಥನೆ ಮುಗಿದಿತ್ತು. ನಮ್ಮ ಆರು ಮಂದಿ ಪ್ರಶಿಕ್ಷಣಾರ್ಥಿಗಳು ಅಲ್ಲಿ ಇಂಟರ್ನ್‌ಶಿಪ್‌ನಲ್ಲಿದ್ದರು. ನಾನು ಅವರ ಮಾರ್ಗದರ್ಶಕ. ಎರಡನೆಯ ಅವಧಿಯಲ್ಲಿ ಒಬ್ಬಾಕೆಯ ವಿಜ್ಞಾನ ಪಾಠ. ಪೀಠಿಕಾ ಪ್ರಶ್ನೆ ಕೇಳಿದೊಡನೆ ಹತ್ತಾರು ಕೈಗಳು ಮೇಲೆದ್ದವು. ಒಂದೂ ತಪ್ಪು ಉತ್ತರ ಬರಲಿಲ್ಲ. ಕಪ್ಪುಹಲಗೆ ಕೆಲಸವೂ ಅಚ್ಚುಕಟ್ಟು. ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆಯುತ್ತಿದ್ದಾಗ ನನ್ನ ಪಕ್ಕದ ಬೆಂಚಿನ ಹುಡುಗಿ ಎದ್ದು ನಿಂತಳು. “ಮಿಸ್, ಇದನ್ನ ನಿನ್ನೇನೇ ಮಾಡಿದ್ರಲ್ಲ!”

ಪಾಠ ಮುಗಿದ ಮೇಲೆ ಆ ಪ್ರಶಿಕ್ಷಣಾರ್ಥಿ ಜಗಲಿಯಲ್ಲಿ ಅಳುತ್ತ ನಿಂತಿದ್ದಳು. “ನೀವು ಬಂದಾಗ ತಪ್ಪಾದ್ರೆ ಅಂಕ ಹೋಗುತ್ತೆ ಅಂತ ಒಂದ್ಸಲ ಮಾಡಿಸಿ ನೋಡ್ದೆ ಸಾರ್.” ನನಗೆ ಸಿಟ್ಟು ಬಂತು. ಹೋಗಿ ಮುಖ್ಯ ಶಿಕ್ಷಕಿಯವರ ಬಳಿ ಹೇಳಿಕೊಂಡೆ. ಅವರು ಹುಡುಗಿಯನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. “ನಾಳೆ ಆರನೇ ಕ್ಲಾಸಿಗೆ ನಾನು ಭಿನ್ನರಾಶಿ ಮಾಡ್ತೀನಿ. ನಿಮ್ಮ ಟ್ರೈನಿಗಳನ್ನೆಲ್ಲ ಕರ್ಕೊಂಡು ಬನ್ನಿ ಸಾರ್. ನನ್ನ ನೋಡ್ಬೇಡಿ, ಹುಡುಗರನ್ನ ನೋಡಿ” ಎಂದರು.

ಮರುದಿನ ಅವರು ಹಲಗೆಯ ಮೇಲೆ ಎರಡು ರೊಟ್ಟಿ ಬರೆದರು. ಒಂದನ್ನು ಮೂರು ಪಾಲು ಮಾಡಿದರು, ಇನ್ನೊಂದನ್ನು ನಾಲ್ಕು. ಯಾವ ಪಾಲು ದೊಡ್ಡದು? ಅರ್ಧ ತರಗತಿ ‘ನಾಲ್ಕನೇ ಒಂದು’ ಎಂದಿತು. ಮೂರಕ್ಕಿಂತ ನಾಲ್ಕು ದೊಡ್ಡದು ಎಂಬ ಮಾಮೂಲಿ ತಪ್ಪು ಎಂದುಕೊಂಡು ನಾನು ಹಾಗೇ ಗುರುತು ಹಾಕಿಕೊಂಡೆ.

ಸಂಜೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೂತೆವು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲಿ ಎಡವಿದ್ರು?” ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ, ಹಿಂದಿನ ದಿನ ಅತ್ತಿದ್ದವಳೇ ಮೆಲ್ಲಗೆ ಹೇಳಿದಳು: “ಮೇಡಂ, ನೀವು ಬರೆದ ಎರಡನೇ ರೊಟ್ಟಿ ದೊಡ್ಡದಾಗಿತ್ತು. ಅದರ ಕಾಲು ಭಾಗ ನಿಜವಾಗ್ಲೂ ದೊಡ್ಡದಾಗೇ ಕಾಣ್ತಿತ್ತು. ಹುಡುಗರು ಕಂಡದ್ದನ್ನೇ ಹೇಳಿದ್ರು.” ಹದಿನೆಂಟು ವರ್ಷದಿಂದ ಪಾಠ ವೀಕ್ಷಣೆ ಮಾಡುತ್ತಿರುವ ನನಗೆ ಅದು ಕಂಡಿರಲಿಲ್ಲ. ಮೇಡಂ ಒಂದು ಉದ್ದನೆಯ ನೋಟ್‌ಬುಕ್ ತೆಗೆದು, ತಾರೀಖು ಹಾಕಿ, ಆಕೆ ಹೇಳಿದ್ದನ್ನು ಹಾಗೇ ಬರೆದುಕೊಂಡರು.

ಎರಡನೇ ದಿನ ಒಂದೇ ಉದ್ದದ ಕಾಗದದ ಪಟ್ಟಿಗಳು ಬಂದವು. ನಾಲ್ಕಾಗಿ ಮಡಚುವುದು ಸುಲಭವಾಯಿತು. ಮೂರು ಸಮ ಪಾಲಾಗಿ ಮಡಚಲು ಮಕ್ಕಳಿಗೆ ಆಗಲಿಲ್ಲ. ಅವಧಿಯೆಲ್ಲ ಮಡಚುವುದರಲ್ಲೇ ಕಳೆಯಿತು. ಮೂರನೇ ದಿನ ಪಟ್ಟಿಯ ಉದ್ದ 12 ಸೆಂ.ಮೀ., ಜೊತೆಗೆ ಸ್ಕೇಲು. ಮೂರನೇ ಒಂದು 4 ಸೆಂ.ಮೀ., ನಾಲ್ಕನೇ ಒಂದು 3 ಸೆಂ.ಮೀ. ಅಂದು ವಾದ ಮಾಡಿದವರು ಮಕ್ಕಳು. ಮೇಡಂ ಸುಮ್ಮನೆ ನಿಂತಿದ್ದರು.

ಆ ನೋಟ್‌ಬುಕ್ಕನ್ನು ನಾನು ಕೇಳಿ ಪಡೆದು ಓದಿದೆ. ಮೊದಲ ವರ್ಷದ ಪುಟಗಳಲ್ಲಿ ಅವರೊಬ್ಬರದೇ ಅಕ್ಷರ, ಅವರದೇ ತಪ್ಪುಗಳು. ಆಮೇಲೆ ಅಲ್ಲೊಂದು ಇಲ್ಲೊಂದು ಬೇರೆ ಕೈಬರಹ. ಇಬ್ಬರು ಶಿಕ್ಷಕರು ಇವತ್ತಿಗೂ ಬರೆದಿಲ್ಲವಂತೆ. “ಎಲ್ಲರೂ ಬರೀಲೇಬೇಕು ಅಂತ ಆರ್ಡರ್ ಮಾಡಿದ್ರೆ ಬರೀತಾರೆ ಸಾರ್, ಸುಳ್ಳು ಬರೀತಾರೆ” ಎಂದರು. ನನಗೆ ನಮ್ಮ ಕಾಲೇಜಿನ ಕಪಾಟಿನಲ್ಲಿರುವ ವೀಕ್ಷಣಾ ಪುಸ್ತಕಗಳ ನೆನಪಾಯಿತು.

ಇದನ್ನೆಲ್ಲ ಕಲಿತದ್ದು ಎಲ್ಲಿ ಎಂದು ಕೇಳಿದೆ. ಅವರ ಮೊದಲ ನೇಮಕಾತಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಂತೆ, ನಲಿ-ಕಲಿಯ ಆರಂಭದ ದಿನಗಳಲ್ಲಿ. 1995ರಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾದಾಗ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ಕಲಿಕಾ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದ್ದರು. ಕಾರ್ಡು ಮಕ್ಕಳ ಕೈಯಲ್ಲಿ ನಡೆಯದಿದ್ದರೆ ಸಭೆಯಲ್ಲಿ ಹೇಳಿ ತಿದ್ದುತ್ತಿದ್ದರು. “ಮೇಲಿನವರು ಆಗ ‘ಯಾಕೆ ಆಗಲಿಲ್ಲ’ ಅಂತ ಗದರಲಿಲ್ಲ, ‘ಯಾವ ಕಾರ್ಡು’ ಅಂತ ಕೇಳಿದ್ರು” ಎಂದರು ಮೇಡಂ. 2009-10ರಲ್ಲಿ ನಲಿ-ಕಲಿ ರಾಜ್ಯಕ್ಕೆಲ್ಲ ಬಂತು. ಕಾರ್ಡುಗಳು ಎಲ್ಲ ಶಾಲೆಗೂ ತಲುಪಿದವು. ಆ ಪ್ರಶ್ನೆ ಎಷ್ಟು ಶಾಲೆಗೆ ತಲುಪಿತೋ! ಜಪಾನಿನ ಶಿಕ್ಷಕರು ಕೂಡಿ ಪಾಠ ಯೋಜಿಸಿ, ಒಬ್ಬರು ಮಾಡುವಾಗ ಉಳಿದವರು ಮಕ್ಕಳನ್ನು ಗಮನಿಸಿ, ತಿದ್ದುವ ಪದ್ಧತಿಯನ್ನು ನಾವು ಎರಡು ಪುಟದ ಟಿಪ್ಪಣಿಯಾಗಿ ಬರೆಸುತ್ತೇವೆ. ಪರೀಕ್ಷೆಗೆ ಬರುತ್ತದೆ.

ಈ ವರ್ಷ ನನ್ನ ಮೊದಲ ಎರಡು ಭೇಟಿಗಳಲ್ಲಿ ಅಂಕ ಹಾಕುತ್ತಿಲ್ಲ. ಮೊದಲ ಪಾಠವನ್ನು ನಾನೇ ಮಾಡಿದೆ, ಏಳನೇ ತರಗತಿಗೆ. ಸೀಮೆಸುಣ್ಣ ಹಿಡಿದ ಕೈ ನಡುಗಿದ್ದು ಹಿಂದಿನ ಬೆಂಚಿಗೂ ಕಂಡಿರಬೇಕು. ಸಂಜೆ ವೀಕ್ಷಣಾ ಪುಸ್ತಕಗಳನ್ನು ತರಿಸಿಕೊಂಡೆ. ಐವರು ‘ಪಾಠ ತುಂಬಾ ಚೆನ್ನಾಗಿತ್ತು ಸಾರ್’ ಎಂದು ಬರೆದಿದ್ದರು. ಆರನೆಯವನ ಪುಸ್ತಕದಲ್ಲಿ ಹೀಗಿತ್ತು: ‘ಕಿಟಕಿ ಸಾಲಿನ ಮಕ್ಕಳಿಗೆ ಒಂದೂ ಪ್ರಶ್ನೆ ಕೇಳಲಿಲ್ಲ.’ ಬರೆದು, ಒಮ್ಮೆ ಹೊಡೆದುಹಾಕಿ, ಕೆಳಗೆ ಮತ್ತೆ ಬರೆದಿದ್ದ.