ಊರುಮೂಲ

ತೊಡೆಯೆಂಬ ಮಾತಿಗೆ ಮನೆಗಳಲ್ಲಿ ಎರಡು ಗತಿಗಳುಂಟು. ಕೂಸನ್ನು ಕುಳ್ಳಿರಿಸಿಕೊಂಡಾಗ ಅದು ಮಮತೆಯ ಪೀಠ. ತಂದೆಯ ತೊಡೆಯೇರಲು ಅಡ್ಡಿಯಾದುದರಿಂದಲೇ ಧ್ರುವನು ಅರಣ್ಯಕ್ಕೆ ಹೊರಟನು. ಆದರೆ ಅದೇ ತೊಡೆಯ ಮೂಲಕ್ಕೆ ಬಂದೊಡನೆ ಮಾತು ನಿಂತುಹೋಗುವುದು. ಅಲ್ಲಿ ನೋವಾದರೂ ಬಾವಾದರೂ ಹೇಳಿಕೊಳ್ಳಲು ನಾಚಿಕೆ. ಹೀಗೆ ಮುಚ್ಚಿಡುವ ಎಡೆಯೇ ಪ್ರಾಣಕ್ಕೆ ಬಹು ಸಮೀಪವಾದುದೆಂಬುದನ್ನು ಅರಿತವರು ವಿರಳ.

ಪ್ರಾಚೀನ ವೈದ್ಯರಿಗೆ ಈ ಸಂಕೋಚವಿರಲಿಲ್ಲ. ಸುಶ್ರುತಸಂಹಿತೆಯು ದೇಹದಲ್ಲಿ 107 ಮರ್ಮಗಳನ್ನೆಣಿಸಿ, ಒಂದೊಂದು ಕಾಲಿಗೆ 11 ಮರ್ಮಗಳನ್ನು ಹೇಳುತ್ತದೆ. ತೊಡೆಯ ನಡುವೆ ಊರ್ವೀ. ಅದರ ಮೇಲೆ, ತೊಡೆಸಂದಿನ ಕೆಳಗೆ, ಲೋಹಿತಾಕ್ಷ. ವಂಕ್ಷಣಕ್ಕೂ ವೃಷಣಕ್ಕೂ ನಡುವೆ ವಿಟಪ. ಊರ್ವಿಗೆ ಗಾಯವಾದರೆ ರಕ್ತಕ್ಷಯದಿಂದ ಕಾಲು ಸೊರಗುವುದೆಂದೂ, ಲೋಹಿತಾಕ್ಷಕ್ಕೆ ಗಾಯವಾದರೆ ರಕ್ತಕ್ಷಯದಿಂದ ಪಕ್ಷಾಘಾತವಾಗುವುದೆಂದೂ ಅದರಲ್ಲಿ ಹೇಳಿದೆ.

ಇಂದಿನ ಶರೀರಶಾಸ್ತ್ರವು ಅದೇ ಎಡೆಯನ್ನು ಇನ್ನೂ ವಿಶದವಾಗಿ ತೋರಿಸುತ್ತದೆ. ಸೊಂಟದೆಲುಬಿನ ಮುಂದಣ ಮೊನೆಯಿಂದ ನಡುವಣ ಜಘನಾಸ್ಥಿಯವರೆಗೆ ದೃಢವಾದ ತಂತುಬಂಧವೊಂದು ಓರೆಯಾಗಿ ಬಿಗಿದಿದೆ. ಅದರ ಕೆಳಗೆ ಮುಮ್ಮೂಲೆಯ ತಗ್ಗು. ಆ ತಗ್ಗಿನಲ್ಲಿ ಹೊರಗಿನಿಂದ ಒಳಗಡೆಗೆ ನರ, ಧಮನಿ, ಸಿರೆಗಳು ಒಂದರ ಪಕ್ಕದಲ್ಲೊಂದು ಇಳಿಯುತ್ತವೆ. ಧಮನಿಯು ಚರ್ಮಕ್ಕೆ ಎಷ್ಟು ಹತ್ತಿರವೆಂದರೆ, ಬೆರಳೊತ್ತಿದರೆ ಅದರ ಮಿಡಿತವು ತಿಳಿಯುವುದು. ಅದು ಕಡಿದುಹೋದರೆ ಕೆಲವೇ ನಿಮಿಷಗಳಲ್ಲಿ ಮರಣವುಂಟಾಗಬಹುದು. ಹತ್ತಿರವಿದ್ದವರು ಕೂಡಲೆ ಬಟ್ಟೆಯಿಟ್ಟು ಬಲವಾಗಿ ಒತ್ತಿಹಿಡಿದರೆ ಜೀವವುಳಿಯಲೂ ಬಹುದು. 1785ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನು, ಮೊಣಕಾಲಿನ ಹಿಂದೆ ಧಮನಿಯುಬ್ಬಿದ್ದ ಸಾರಥಿಯೊಬ್ಬನ ತೊಡೆಯಲ್ಲಿ ಈ ರಕ್ತನಾಳವನ್ನೇ ಕಟ್ಟಿ, ಅವನ ಕಾಲನ್ನುಳಿಸಿದನು. ಸುತ್ತಣ ಸಣ್ಣ ನಾಳಗಳೇ ಹಿಗ್ಗಿ ಕಾಲಿಗೆ ರಕ್ತವನ್ನೊದಗಿಸಿದವು. ಈಗ ವೈದ್ಯರು ಇದೇ ದಾರಿಯಿಂದ ಸೂಕ್ಷ್ಮವಾದ ನಳಿಕೆಯನ್ನು ಹೃದಯದವರೆಗೂ ಕಳುಹಿಸಬಲ್ಲರು.

ಆ ತಗ್ಗಿನಲ್ಲಿ ಕಾವಲುಗಾರರಂತೆ ಸಣ್ಣ ಗ್ರಂಥಿಗಳೂ ಉಂಟು. ಪಾದದ ಗಾಯವು ಕೀತರೆ ಅವು ಊದಿಕೊಂಡು ಅಪಾಯವನ್ನು ಸೂಚಿಸುವುವು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನ ಗಡ್ಡೆಯೂ ಅನೇಕವೇಳೆ ಇಲ್ಲಿಯೇ ಮೊದಲು ತೋರುವಂಥದು.

ಆದರೆ ನಾಚಿಕೆಯು ಹೆಚ್ಚಾಗಿ ಮುಚ್ಚಿಡುವುದು ಅಂತ್ರವೃದ್ಧಿಯನ್ನು. ತೊಡೆಸಂದಿನ ಬಳಿ ಹೊಟ್ಟೆಯ ಗೋಡೆಯು ಸಹಜವಾಗಿಯೇ ದುರ್ಬಲ. ಭಾರವೆತ್ತಿದಾಗಲೋ ಕೆಮ್ಮಿದಾಗಲೋ ಕರುಳಿನ ಒಂದು ಕುಣಿಕೆ ಅಲ್ಲಿ ಹೊರಚಾಚುವುದು, ಮಲಗಿದರೆ ಒಳಸರಿಯುವುದು. ಮನೆಯ ಹಿರಿಯನು ಅದನ್ನು ಪಂಚೆಯ ಮರೆಯಲ್ಲಿ ವರ್ಷಗಟ್ಟಲೆ ಹೊತ್ತು ತಿರುಗುವನು. ಹೆಂಡತಿಗೂ ಹೇಳನು, ಮಗನಿಗೂ ಹೇಳನು. ಒಂದು ದಿನ ಕರುಳು ಸಿಕ್ಕಿಕೊಂಡು, ಗಂಟು ಬಿಗಿದು, ನೋವೂ ವಾಂತಿಯೂ ತೊಡಗುವುವು. ರಕ್ತಸಂಚಾರ ನಿಂತ ಕರುಳು ಕೆಲವು ಗಂಟೆಗಳಲ್ಲಿ ಕೊಳೆಯಲಾರಂಭಿಸುವುದು. ಕಾಲದಲ್ಲಿ ಹೇಳಿದ್ದರೆ ಸಾಧಾರಣ ಶಸ್ತ್ರಚಿಕಿತ್ಸೆಯಿಂದ ಮುಗಿಯುತ್ತಿದ್ದುದು ಆಗ ಜೀವನ್ಮರಣಗಳ ಪ್ರಶ್ನೆಯಾಗಿ ನಿಲ್ಲುವುದು.

ಲಜ್ಜೆಯು ಸದ್ಗುಣವೇ ಅಹುದು. ಆದರೆ ಅದು ಬೀದಿಗೆ ತಕ್ಕುದು, ವೈದ್ಯನ ಕೋಣೆಗಲ್ಲ. ಅಮರಕೋಶವು ಮನುಷ್ಯವರ್ಗದಲ್ಲಿ ಸಕ್ಥಿ, ಊರು ಎಂದು ಹೇಳಿ, ಅದರ ಸಂಧಿಗೆ ವಂಕ್ಷಣವೆಂದು ಹೆಸರಿಡುತ್ತದೆ. ಪಾಠಶಾಲೆಯ ಎಳೆಯ ಬಾಲಕರು ಅದನ್ನು ಅಂಜದೆ, ನಗದೆ, ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಬಾಲಕನು ಅಷ್ಟು ಜನರ ನಡುವೆ ಹೇಳಿದ ಹೆಸರನ್ನು ವೃದ್ಧನು ವೈದ್ಯನೊಬ್ಬನ ಕಿವಿಯಲ್ಲಿ ಮೆಲ್ಲನೆಯಾದರೂ ಹೇಳಲಿ.