ಮೂರು ಯೂನಿಟ್ಟಿನ ಲೆಕ್ಕ

ವಿದ್ಯುತ್ತಿನಿಂದ ಓಡುವ ಮೋಟಾರ್‌ಸೈಕಲ್ಲನ್ನು ಕಂಡವರೆಲ್ಲ ಮೊದಲು ಕೇಳುವುದು, ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ ಎಂದು. ಅದಕ್ಕೆ ಉತ್ತರ ಸುಲಭ. ಪರಸ್ಥಳದಲ್ಲಿ ಯಾರ ಮನೆಯ ಕರೆಂಟನ್ನು ಯಾವ ಹಕ್ಕಿನಿಂದ ತುಂಬಿಕೊಳ್ಳಬೇಕು ಎಂಬ ಪ್ರಶ್ನೆ ಅದಕ್ಕಿಂತ ಕಠಿಣವಾದುದು. ಕಳೆದ ಕಾರಹುಣ್ಣಿಮೆಗೆ ಮುನ್ನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ಸುತ್ತಿ ವಿಜಯಪುರಕ್ಕೆ ಮರಳಿದ ಪ್ರವಾಸದಲ್ಲಿ ಅದು ನನಗೆ ಎದುರಾಯಿತು. ಓದುಗ ಬಂಧುಗಳ ಮುಂದೆ ಅದನ್ನೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಮಗನು ಕೊಡಿಸಿದ ವಾಹನವಿದು. ಬೆಂಗಳೂರಿನ ಅಲ್ಟ್ರಾವಯೊಲೆಟ್ ಸಂಸ್ಥೆಯು 2024ರಲ್ಲಿ ಹೊರತಂದ ಎಫ್77 ಮ್ಯಾಕ್ 2. ನಿವೃತ್ತ ಮಾಸ್ತರನಿಗೆ ಇದು ಒಪ್ಪುವುದೇ ಎಂದು ಓಣಿಯ ಜನ ನಕ್ಕದ್ದುಂಟು, ನಗಲಿ. ಇದರ ಚಿಕ್ಕ ಮಾದರಿಯ ಬ್ಯಾಟರಿ 7.1 ಯೂನಿಟ್ ಹಿಡಿಯುತ್ತದೆ. ಪರೀಕ್ಷಾಕ್ರಮದ ಅಳತೆ 211 ಕಿ.ಮೀ.; ಹೆದ್ದಾರಿಯ ವೇಗಕ್ಕೆ ನಾನು ಹಿಡಿದ ಲೆಕ್ಕ 130. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಮುಂಗಾರಿನ ಎದುರುಗಾಳಿಯಲ್ಲಿ ಅರವತ್ತರ ವೇಗವೂ ಬ್ಯಾಟರಿಯ ಪಾಲಿಗೆ ಎಂಬತ್ತೇ ಸರಿ.

ಇಂಡಿಯಲ್ಲಿ ರಾತ್ರಿ ತಂಗಿದ್ದು ಬೀಗರ ಮನೆಯಲ್ಲಿ. ಬೀಗರಲ್ಲಿ ಕರೆಂಟಿನ ಲೆಕ್ಕ ಎತ್ತುವಂತಿಲ್ಲ. ಎತ್ತಿದರೆ ಸಂಬಂಧಕ್ಕೇ ಕುತ್ತು. ಅವರು ಬೆಳಿಗ್ಗೆ ಒಂದು ಚೀಲ ಲಿಂಬೆಹಣ್ಣನ್ನೂ ಹೇರಿ ಕಳಿಸಿದರು. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಲಿಂಬೆ, ಬೇಡವೆನ್ನುವುದು ಹೇಗೆ?

ಸಿಂದಗಿಯ ವೆಲ್ಡಿಂಗ್ ಅಂಗಡಿಯವನು ನೇರ ಮನುಷ್ಯ. "ಇದು ಧಂದೇದ ಮೀಟರ್ ಐತ್ರಿ ಸರ, ತಾಸಿಗೆ ಇಪ್ಪತ್ತ ರೂಪಾಯಿ" ಎಂದನು. ಅಂಥ ಮಾತು ನನಗೆ ಹಿತ. ಆದರೆ ಅರ್ಧ ತಾಸಿನಲ್ಲಿ ಕರೆಂಟು ಹೋಯಿತು. ಮರಳಿ ಬರುವ ಲಕ್ಷಣ ಕಾಣದಿರಲು ಮುಂದೆ ಹೊರಟೆನು.

ತಾಳಿಕೋಟೆ ದಾಟಿ ಮುದ್ದೇಬಿಹಾಳದ ದಾರಿ ಹಿಡಿದಾಗ ಬ್ಯಾಟರಿ ನೂರಕ್ಕೆ ಹನ್ನೆರಡಕ್ಕೆ ಇಳಿದಿತ್ತು. ಡೋಣಿ ಸಾಲಿನ ಕರಿನೆಲ, ಬಿತ್ತಿಗೆಗೆ ಹರಗಿದ ಹೊಲಗಳು, ನೆರಳಿಗೊಂದು ಬೇವಿನ ಮರ. ಹಳ್ಳಿಯೊಂದರ ಅಂಚಿನ ಮನೆಯಲ್ಲಿ ಕೇಳಿದೆನು. ರೊಟ್ಟಿ ಬಡಿಯುತ್ತಿದ್ದ ವೃದ್ಧೆ ಕಾರಣವನ್ನೂ ಕೇಳದೆ, "ಹಚ್ಚಿಕೊಳ್ರಿ ಮಾಸ್ತರ, ಒಳಗ ಬರ್ರಿ" ಎಂದರು. ದುಡ್ಡಿನ ಮಾತೆತ್ತಿದಾಗ ಮಾತ್ರ ಅವರ ಮುಖ ಬಿಗಿಯಿತು. "ಕರೆಂಟಿಗೆ ರೊಕ್ಕ ಕೊಡೋರು ನಾಳೆ ನಮ್ಮನ್ಯಾಗಿನ ನೀರಿಗೂ ಕೊಡ್ತೀರೇನು? ಹೆಂಗೂ ಸರಕಾರ ಪುಕ್ಕಟೆ ಕೊಟ್ಟೈತಿ."

ಅಲ್ಲಿಯೇ ತೊಡಕಿರುವುದು. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲ ಮನೆಗೂ 200 ಯೂನಿಟ್ ಪುಕ್ಕಟೆಯೆಂದು ಅನೇಕರು ಭಾವಿಸಿದ್ದಾರೆ. ಹಾಗಿಲ್ಲ. ಆಯಾ ಮನೆಯ ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ಮಿತಿ ಕಟ್ಟಿದರು. 48 ಯೂನಿಟ್‌ವರೆಗಿನ ಸಣ್ಣ ಮನೆಗಳಿಗೆ 2024ರಿಂದ ಹತ್ತು ಯೂನಿಟ್ ಕೂಡಿಸಿದರು. ಮಿತಿ ಮೀರಿದ್ದಕ್ಕೆ ಹಣ ತೆರಬೇಕು. ಈ ತಾಯಿಯ ಬಿಲ್ಲನ್ನು ಪ್ರೌಢಶಾಲೆಯಲ್ಲಿ ಓದುವ ಮೊಮ್ಮಗನು ತಂದು ತೋರಿಸಿದನು: ಸರಾಸರಿ 35, ಮಿತಿ 45. ಬೇಸಿಗೆಯಲ್ಲಿ ಹಗಲಿರುಳು ಫ್ಯಾನು ತಿರುಗಿ, ಆ ತಿಂಗಳು ಆಗಲೇ 43 ಮುಗಿದಿತ್ತು. ನಾನು ಎಳೆದುಕೊಳ್ಳುವ ಒಂದೊಂದು ಯೂನಿಟ್ಟೂ ಆ ಮನೆಯ ಫ್ಯಾನಿನಿಂದ ಕಸಿದದ್ದು. ಮಿತಿಯೊಳಗಿದ್ದರೂ ಮಾತು ಬೇರೆಯಾಗದು: ಬಡ ಸಂಸಾರದ ದೀಪಕ್ಕೆಂದು ಸಮಾಜ ಕೊಟ್ಟ ವಿದ್ಯುತ್ತು ನನ್ನ ವಿಹಾರಕ್ಕೆ ಸಲ್ಲತಕ್ಕದ್ದಲ್ಲ.

ಹುಡುಗನಿಗೆ ಮೀಟರ್ ಓದಲು ಹೇಳಿದೆನು. ಎರಡೂವರೆ ತಾಸಿನಲ್ಲಿ ಮೂರು ಯೂನಿಟ್ ಓಡಿತ್ತು. ಬ್ಯಾಟರಿ ಸೇರಿದ್ದು ಅದಕ್ಕಿಂತ ತುಸು ಕಡಿಮೆ. ಚಾರ್ಜರ್ ಬಿಸಿಯಾಗಿ ಕಳೆಯುವ ಪಾಲನ್ನು ಕೊಡುವವರ ಮೀಟರೇ ಹೊರುತ್ತದೆಂದು ಅವನಿಗೆ ವಿವರಿಸಿದೆನು. ಅವನು ಅಜ್ಜಿಗೆ ಲೆಕ್ಕ ಒಪ್ಪಿಸಿದನು. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮೂರ ಯುನಿಟಿನ ರೊಕ್ಕ ಅಷ್ಟ ಕೊಡ್ರಿ. ರೊಟ್ಟಿದ್ದ ಕೊಟ್ರ ನೋಡ್ರಿ ಮತ್ತ!" ಎಂದರು. ಹೀಗೆ ಕರೆಂಟಿನ ಲೆಕ್ಕವೂ ಉಳಿಯಿತು, ಅನ್ನದ ಮರ್ಯಾದೆಯೂ ಉಳಿಯಿತು.

ಮುದ್ದೇಬಿಹಾಳದ ವಸತಿಗೃಹದಲ್ಲಿ ರಾತ್ರಿಯ ಬಾಡಿಗೆಯೊಡನೆ ಕರೆಂಟಿನದೂ ತೀರಿತು. ಮರುದಿನ ಬಾಗೇವಾಡಿಯಲ್ಲಿ ಬಸವಣ್ಣನವರ ಜನ್ಮಸ್ಥಳಕ್ಕೆ ಕೈಮುಗಿದೆನು. ಅಲ್ಲಿಂದ ಕೂಡಗಿ ದೂರವಿಲ್ಲ. ಎನ್‌ಟಿಪಿಸಿಯ 2400 ಮೆಗಾವಾಟ್ ಸ್ಥಾವರ ಅಲ್ಲಿದೆ. ದೂರದಿಂದ ರೈಲಿನಲ್ಲಿ ಬಂದ ಕಲ್ಲಿದ್ದಲು ಅಲ್ಲಿ ಉರಿಯುತ್ತದೆ. ನನ್ನ ವಾಹನ ಹೊಗೆಯುಗುಳದೆಂದು ಹೊಗಳುವವರು ಆ ಚಿಮಣಿಯನ್ನೂ ಒಮ್ಮೆ ನೋಡಿ ಬರಲಿ. ಹೊಗೆ ಪೂರ್ತಿ ತಪ್ಪಿಲ್ಲ; ಒಂದಿಷ್ಟು ಸ್ಥಳ ಬದಲಿಸಿದೆ.

ಮಠಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ಅಂಗಳದ ಗೋಡೆಗೆ ಹದಿನೈದು ಆಂಪಿಯರ್‌ನ ಒಂದು ಸಾಕೆಟ್ಟು, ಸರಿಯಾದ ಅರ್ಥಿಂಗು, ಜೊತೆಗೊಂದು ಚಿಕ್ಕ ಉಪಮೀಟರು ಹಾಕಿಸಿದರೆ ಪ್ರವಾಸಿಗೂ ಸಂಕೋಚವಿಲ್ಲ, ಕೊಡುವವರಿಗೂ ನಷ್ಟವಿಲ್ಲ. ನಮ್ಮ ಮನೆಯ ಗೇಟಿನ ಬಳಿ ಕಳೆದ ತಿಂಗಳು ಅಂಥದೊಂದನ್ನು ಹಾಕಿಸಿದ್ದೇನೆ. ಇದುವರೆಗೆ ಒಬ್ಬನೇ ಬಂದಿದ್ದಾನೆ, ಅದೂ ಫೋನು ಚಾರ್ಜ್ ಮಾಡಲು.