ಪ್ರಯೋಗಶಾಲೆಯ ಋಣ

ಹೋದ ದೀಪಾವಳಿಗೆ ನನ್ನ ಮೊಮ್ಮಗಳು ಊರಿಗೆ ಬಂದಿದ್ದಳು. ಅವಳು ಒಂದು ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿ ಮೂರು ವರ್ಷವಾಯಿತು. ಹಬ್ಬದ ಮರುದಿನ ಅವಳ ಬಟ್ಟೆಗಳನ್ನು ನೆನೆಹಾಕುತ್ತಿದ್ದ ನನ್ನ ಮನೆಯಾಕೆ ಒಂದು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತೋಳಿನ ಮೇಲೆ ಸಾಸಿವೆಯಷ್ಟು ಸಣ್ಣ ಸಣ್ಣ ತೂತುಗಳಿದ್ದುವು. “ಇದೇನು, ನುಸಿ ತಿಂದಿದೆಯೆ?” ಎಂದಳು. ಮೊಮ್ಮಗಳು ನಕ್ಕು, “ನುಸಿಯಲ್ಲಜ್ಜಿ, ಗಂಧಕಾಮ್ಲ. ನಮ್ಮಲ್ಲಿ ಎಲ್ಲರ ಬಟ್ಟೆಯೂ ಹೀಗೆಯೇ” ಎಂದಳು. ನಾನೂ ನಕ್ಕೆನು. 31 ವರ್ಷ ರಸಾಯನಶಾಸ್ತ್ರವನ್ನು ಬೋಧಿಸಿದ ನನಗೆ ಆ ತೂತುಗಳು ನಮ್ಮ ಕುಲದ ಗುರುತಿನಂತೆ ತೋರಿದುವು. ಮನೆಯಾಕೆ ಮಾತ್ರ ನಗಲಿಲ್ಲ. “ಬಟ್ಟೆಗೆ ಬಿದ್ದ ತೂತು ಕಣ್ಣಿಗೆ ಕಾಣುತ್ತದೆ. ಮೈಗೆ ಬಿದ್ದುದು ಕಾಣುವುದು ಹೇಗೆ?” ಎಂದು ಕೇಳಿ, ಬಕೀಟನ್ನೆತ್ತಿಕೊಂಡು ಬಚ್ಚಲಿಗೆ ಹೋದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇರಲಿಲ್ಲವೆನ್ನುವುದಕ್ಕಿಂತ, ಉತ್ತರವನ್ನು ಬಹುಕಾಲದಿಂದ ತಪ್ಪಿಸಿಕೊಂಡು ಬಂದಿದ್ದೆನೆನ್ನುವುದೇ ನಿಜ.

ನಾನು ಕೆಲಸ ಮಾಡುತ್ತಿದ್ದ ವಿದ್ಯಾಶಾಲೆಯ ಪ್ರಯೋಗಶಾಲೆಯಲ್ಲಿ ಒಬ್ಬ ಪರಿಚಾರಕನಿದ್ದನು. ಗಾಜಿನ ಪಾತ್ರೆಗಳನ್ನು ತೊಳೆಯುವುದು, ಸೀಸೆಗಳಿಗೆ ಆಮ್ಲಗಳನ್ನು ತುಂಬುವುದು, ಹುಡುಗರು ಒಡೆದುದನ್ನು ಬಾಚುವುದು ಇವೇ ಅವನ ಕೆಲಸ. ಉಷ್ಣಮಾಪಕವೊಂದು ಒಡೆದು ಪಾದರಸ ನೆಲಕ್ಕೆ ಚೆಲ್ಲಿದರೆ ನಾವು ಅವನನ್ನು ಕೂಗುತ್ತಿದ್ದೆವು. ಅವನು ಪೊರಕೆಯಿಂದ ಗುಡಿಸಿ, ಹಲಗೆಯ ಸಂದುಗಳಿಂದ ಹನಿಹನಿಯಾಗಿ ಆಯ್ದು, ಬಟ್ಟೆಯಲ್ಲಿ ಕಟ್ಟಿ ಬರಿಗೈಯಿಂದ ಹಿಂಡಿ ಶೋಧಿಸಿ ಮತ್ತೆ ಸೀಸೆಗೆ ತುಂಬುತ್ತಿದ್ದನು. ಪಾದರಸದ ಬೆಲೆ ಹೆಚ್ಚು. ಒಂದು ಹನಿಯೂ ನಷ್ಟವಾಗಬಾರದೆಂದು ಅವನಿಗೆ ಅಪ್ಪಣೆ ಮಾಡಿದವನು ನಾನೇ. ಪಾದರಸವು ತಂಪಿನಲ್ಲಿಯೂ ಆವಿಯಾಗುತ್ತದೆ, ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಶ್ವಾಸದೊಡನೆ ಒಳಹೊಕ್ಕು ನರಗಳನ್ನು ಕೆಡಿಸುತ್ತದೆ ಎಂದು ಅದೇ ಕೊಠಡಿಯಲ್ಲಿ ನಿಂತು ಹುಡುಗರಿಗೆ ಪಾಠ ಹೇಳಿದವನೂ ನಾನೇ. ಪೊರಕೆಯಿಂದ ಗುಡಿಸಿದರೆ ಹನಿಗಳು ಒಡೆದು ನೂರಾಗುತ್ತವೆ, ಆವಿಯೂ ಹೆಚ್ಚುತ್ತದೆ ಎಂಬುದನ್ನು ಬಲ್ಲವನಾಗಿಯೂ ಅವನ ಕೈಯಿಂದ ಪೊರಕೆಯನ್ನು ಕಿತ್ತುಕೊಳ್ಳಲಿಲ್ಲ.

ವರ್ಷಗಳು ಕಳೆದಂತೆ ಅವನ ಕೈ ನಡುಗತೊಡಗಿತು. ಕಾಫಿಯ ಲೋಟ ತಟ್ಟೆಯ ಮೇಲೆ ಸದ್ದು ಮಾಡುತ್ತಿತ್ತು. ಹಲ್ಲುಗಳು ಸಡಲಿದುವು. ಮೊದಲು ನಗುನಗುತ್ತಿದ್ದವನು ಮಾತಿಗೆ ಮುನ್ನ ಸಿಡುಕುವವನಾದನು. ಹಾಜರಿ ಪುಸ್ತಕದಲ್ಲಿ ಅವನ ರುಜು ಮೊದಲಿನ ವರ್ಷಗಳಲ್ಲಿ ಎಷ್ಟು ದುಂಡಗಿತ್ತೋ ಕಡೆಯ ವರ್ಷಗಳಲ್ಲಿ ಅಷ್ಟು ಸೊಟ್ಟಗಾಗಿತ್ತು. “ಸಾಯಂಕಾಲದ ಸಹವಾಸ” ಎಂದು ನಮ್ಮಲ್ಲಿ ಕೆಲವರು ಕಣ್ಣುಮಿಟುಕಿಸುತ್ತಿದ್ದರು. ಅವನು ಕುಡಿಯುತ್ತಿರಲಿಲ್ಲ. ಅವನಿಗೆ ಪಾದರಸದ ವಿಷವೇ ತಗುಲಿತ್ತೆಂದು ನಾನು ಆಣೆಯಿಟ್ಟು ಹೇಳಲಾರೆನು; ಏಕೆಂದರೆ ಅವನ ರಕ್ತವನ್ನಾಗಲಿ ಮೂತ್ರವನ್ನಾಗಲಿ ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸದೆ ಬಿಟ್ಟುದೇ ನಮ್ಮ ಅಪರಾಧ.

ಇಟಲಿಯ ಮೋಡೆನಾ ನಗರದಲ್ಲಿ ರಾಮಾಜ್ಜೀನಿಯೆಂಬ ವೈದ್ಯನಿದ್ದನು. ತನ್ನ ಮನೆಯ ಕೊಳೆಗುಂಡಿಯನ್ನು ಬಳಿಯಲು ಬಂದ ಆಳು ಬಹು ಆತುರದಿಂದ ದುಡಿಯುತ್ತಿದ್ದುದನ್ನು ಕಂಡು, ಅದೇಕೆಂದು ಆತನು ಕೇಳಿದನಂತೆ. ಇಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣು ಹೋಗುತ್ತದೆ ಎಂದು ಆಳು ಹೇಳಿದನು. ಆ ಒಂದು ಮಾತಿನಿಂದ ಹೊರಟ ಶೋಧನೆಯು 1700 ರಲ್ಲಿ ಕಸುಬುದಾರರ ರೋಗಗಳನ್ನು ಕುರಿತ ಗ್ರಂಥವಾಯಿತು. ರೋಗಿಯ ಬಳಿ ಕುಳಿತ ವೈದ್ಯನು ಕೇಳುವ ಪ್ರಶ್ನೆಗಳಿಗೆ “ನಿನ್ನ ಕಸುಬೇನು?” ಎಂಬುದನ್ನೂ ಸೇರಿಸಬೇಕೆಂದು ರಾಮಾಜ್ಜೀನಿ ವಿಧಿಸಿದನು. ಗಣಿಯವರು, ಕುಂಬಾರರು ಮೊದಲಾದವರ ಜೊತೆಗೆ ರಸವಾದಿಗಳ ರೋಗಗಳನ್ನೂ ಓದುಬರಹದವರ ರೋಗಗಳನ್ನೂ ಆ ಗ್ರಂಥದಲ್ಲಿ ಹೇಳಿದೆ. ವಿದ್ಯೆಯೂ ಒಂದು ಕಸುಬು, ಅದಕ್ಕೂ ಅದರದೇ ಆದ ಅಪಾಯವುಂಟು ಎಂಬುದನ್ನು 300 ವರ್ಷಗಳ ಹಿಂದೆ ಆತನು ಕಂಡಿದ್ದನು. ನಾವು ಮಾತ್ರ ಕಾರ್ಖಾನೆಯೆಂದರೆ ಅಪಾಯದ ಸ್ಥಳ, ವಿಶ್ವವಿದ್ಯಾನಿಲಯವೆಂದರೆ ಸರಸ್ವತಿಯ ಮಂದಿರ ಎಂದು ಇಂದಿಗೂ ನಂಬಿಕೊಂಡಿದ್ದೇವೆ.

ಮಂದಿರದೊಳಗೆ ನಡೆದುದನ್ನು ಸ್ವಲ್ಪ ನೋಡೋಣ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕ್ಯಾರನ್ ವೆಟರ್‌ಹಾನ್ ಎಂಬ ಪ್ರಾಧ್ಯಾಪಕಿಯಿದ್ದರು. ವಿಷಲೋಹಗಳ ವಿಷಯದಲ್ಲಿ ಹೆಸರುವಾಸಿಯಾದ ಪಂಡಿತೆ. 1996 ನೆಯ ಆಗಸ್ಟ್ 14 ರಂದು ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತದ ಒಂದೆರಡು ಹನಿಗಳು ಅವರ ಕೈಗವಸಿನ ಮೇಲೆ ಬಿದ್ದುವು. ಅವರು ಹೊಗೆಗೂಡಿನ ಮುಂದೆ ನಿಂತು, ನಿಯಮದಂತೆಯೇ ಕೆಲಸಮಾಡುತ್ತಿದ್ದರು. ಆದರೆ ತೆಳುವಾದ ಆ ರಬ್ಬರಿನ ಕವಸನ್ನು ಹಾದು ಚರ್ಮವನ್ನು ಸೇರಲು ಆ ದ್ರವಕ್ಕೆ ಕೆಲವೇ ಕ್ಷಣ ಸಾಕೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ತಿಂಗಳುಗಟ್ಟಲೆ ಏನೂ ಕಾಣಿಸಲಿಲ್ಲ. 1997 ರ ಜನವರಿಯಲ್ಲಿ ನಡೆ ತಪ್ಪಿತು, ಮಾತು ತೊದಲಿತು. ಜೂನ್ 8 ರಂದು ಅವರು ತೀರಿಕೊಂಡರು. ಆಗ ಅವರಿಗೆ 48 ವರ್ಷ. ಪಂಡಿತೆಯ ಗತಿಯೇ ಹೀಗಾದರೆ ನನ್ನ ಪರಿಚಾರಕನಂಥವರ ಪಾಡೇನು?

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 2008 ನೆಯ ಡಿಸೆಂಬರ್ 29 ರಂದು, ರಜೆಯ ದಿನಗಳಲ್ಲಿ, 23 ವಯಸ್ಸಿನ ಸಂಶೋಧನಾ ಸಹಾಯಕಿಯೊಬ್ಬಳು ಗಾಳಿ ಸೋಕಿದರೆ ಉರಿಯುವ ದ್ರವವೊಂದನ್ನು ಪಿಚಕಾರಿಯಿಂದ ಎಳೆಯುತ್ತಿದ್ದಾಗ ಅದು ಚೆಲ್ಲಿ ಹೊತ್ತಿಕೊಂಡಿತು. ಅವಳು ಪ್ರಯೋಗಶಾಲೆಯ ನಿಲುವಂಗಿಯನ್ನು ತೊಟ್ಟಿರಲಿಲ್ಲ. ಮೈಮೇಲಿದ್ದುದು ಕೃತಕ ನೂಲಿನ ಸ್ವೆಟರು. 18 ದಿನಗಳ ಮೇಲೆ ಅವಳು ಕಣ್ಣುಮುಚ್ಚಿದಳು. ಆ ಸಾವಿಗಾಗಿ ವಿಶ್ವವಿದ್ಯಾನಿಲಯದ ಮೇಲೂ ಅಲ್ಲಿನ ಪ್ರಾಧ್ಯಾಪಕರೊಬ್ಬರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆದು, 2012 ಮತ್ತು 2014 ರಲ್ಲಿ ಒಪ್ಪಂದಗಳಿಂದ ಮುಗಿಯಿತು. 2011 ನೆಯ ಏಪ್ರಿಲಿನಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ, ರಾತ್ರಿ ಒಬ್ಬಳೇ ಚರಕಿಯಂತ್ರದ ಮುಂದೆ ಕೆಲಸಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ತಲೆಗೂದಲು ಯಂತ್ರಕ್ಕೆ ಸಿಕ್ಕಿ ಅವಳು ಮಡಿದಳು. ಒಲೆಯ ಮುಂದೆ ನೈಲಾನ್ ಸೀರೆ ಉಡಬೇಡ, ರುಬ್ಬುವ ಯಂತ್ರದ ಬಳಿ ಕೂದಲು ಬಿಚ್ಚಿಕೊಂಡು ನಿಲ್ಲಬೇಡ ಎಂದು ನಮ್ಮ ಮನೆಗಳಲ್ಲಿ ತಾಯಂದಿರು ಹೇಳುವ ಮಾತೇ ಇಲ್ಲಿಯೂ ಬೇಕಾಗಿದ್ದಿತು. ಹೇಳುವವರು ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ.

ಪ್ರಯೋಗ ಮಾಡುವವರಿಗೆ ಮಾತ್ರವೇ ಅಪಾಯವೆನ್ನುವ ಹಾಗೂ ಇಲ್ಲ. 1978 ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ವೈದ್ಯಶಾಲೆಯಲ್ಲಿ ಜಾನೆಟ್ ಪಾರ್ಕರ್ ಎಂಬ ಛಾಯಾಚಿತ್ರಗಾರ್ತಿಗೆ ಸಿಡುಬು ತಗುಲಿತು. ಸಿಡುಬಿನ ವಿಷಾಣುವನ್ನಿರಿಸಿಕೊಂಡಿದ್ದ ಪ್ರಯೋಗಶಾಲೆಯು ಅವರ ಕೊಠಡಿಯ ಕೆಳಗಿನ ಅಂತಸ್ತಿನಲ್ಲಿತ್ತು. ಆ ವರ್ಷದ ಸೆಪ್ಟೆಂಬರ್ 11 ರಂದು ಅವರು ತೀರಿಕೊಂಡರು; ಸಿಡುಬಿನಿಂದ ಲೋಕದಲ್ಲಿ ಆದ ಕೊನೆಯ ಸಾವು ಅದು. ದಿಲ್ಲಿ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲದಿಂದ ಮೂಲೆಗೆ ಬಿದ್ದಿದ್ದ ಕೋಬಾಲ್ಟಿನ ವಿಕಿರಣಯಂತ್ರವೊಂದನ್ನು 2010 ರಲ್ಲಿ ಹಳೆಯ ಕಬ್ಬಿಣವೆಂದು ಹರಾಜು ಹಾಕಿದರು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದ ಬಡವರು ರೋಗಕ್ಕೆ ಬಿದ್ದು, ಅವರಲ್ಲೊಬ್ಬನು ಸತ್ತನು.

ನಮ್ಮ ನಾಡಿನ ಸಂಗತಿಯೂ ಉಂಟು. 1957 ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ, ಆ ಕಾಯಿಲೆಯ ಮೂಲವನ್ನು ಹುಡುಕಹೊರಟ ಶಾಸ್ತ್ರಜ್ಞರಿಗೂ ಪ್ರಯೋಗಶಾಲೆಯ ಸಿಬ್ಬಂದಿಗೂ ಅದೇ ಜ್ವರ ತಗುಲಿದ್ದುಂಟು. 2018 ನೆಯ ಡಿಸೆಂಬರ್ 5 ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯೊಂದರಲ್ಲಿ ನಡೆದ ಸ್ಫೋಟದಲ್ಲಿ ಒಬ್ಬ ಸಂಶೋಧಕನು ಮಡಿದು ಮೂವರು ಗಾಯಗೊಂಡರು.

ಇಷ್ಟನ್ನು ಹೇಳಿದುದು ಮಕ್ಕಳನ್ನು ಶಾಸ್ತ್ರವ್ಯಾಸಂಗದಿಂದ ಹಿಂದೆಗೆಯಿರೆಂದಲ್ಲ. ಬೆಂಕಿ ಸುಡುವುದೆಂದು ಯಾರೂ ಅಡಿಗೆಯನ್ನು ಬಿಟ್ಟಿಲ್ಲ, ಒಲೆಯನ್ನು ತಿದ್ದಿಕೊಂಡಿದ್ದೇವೆ. ನನ್ನ ತಾಯಿ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅಡಿಗೆ ಮಾಡಿದಳು. ಕಡೆಗಾಲದಲ್ಲಿ ಕೆಮ್ಮಿನಿಂದ ನರಳಿದಳು. “ಹುಷಾರಾಗಿ ಊದಮ್ಮ” ಎಂಬ ಬುದ್ಧಿವಾದದಿಂದ ಅವಳಿಗೇನೂ ಉಪಕಾರವಾಗಲಿಲ್ಲ. ಉಪಕಾರವಾದುದು ಹೊಗೆಗೂಡಿನಿಂದ, ಸೌದೆಯ ಬದಲು ಬಂದ ಅನಿಲದಿಂದ. ಪ್ರಯೋಗಶಾಲೆಯ ನೀತಿಯೂ ಇದೇ. ವಿಷವಿಲ್ಲದೆ ಕೆಲಸ ಸಾಗುವುದಾದರೆ ವಿಷವನ್ನೇ ಬಿಡುವುದು ಮೊದಲನೆಯದು. ಬಿಡಲಾಗದಿದ್ದರೆ ಅದನ್ನು ಮುಚ್ಚಿದ ಪಾತ್ರೆಯಲ್ಲಿ, ಗಾಳಿಯನ್ನು ಹೊರಗೆ ಸೆಳೆಯುವ ಗೂಡಿನಲ್ಲಿ ಇಟ್ಟು ನಡೆಸುವುದು ಎರಡನೆಯದು. ಆಮೇಲೆ ನಿಯಮ ಮತ್ತು ಶಿಕ್ಷಣ. ಕೈಗವಸು ಕನ್ನಡಕಗಳು ಎಲ್ಲಕ್ಕಿಂತ ಕಡೆಯವು. ಅವೂ ಬೇಕು, ಆದರೆ ಅವೇ ಸಾಲವು. ನಮ್ಮಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಗೂಡಿನ ಬೀಸಣಿಗೆ ಕೆಟ್ಟು ವರ್ಷವಾದರೂ ಕೇಳುವವರಿಲ್ಲ. ಹಳೆಯ ಸೀಸೆಗಳನ್ನಿಡಲು ಅದೇ ಕಪಾಟಾಗಿರುತ್ತದೆ. ಅವಘಡವಾದರೆ ಹುಡುಗನನ್ನು ಅಜಾಗರೂಕನೆಂದು ಬಯ್ಯುವುದು ಮಾತ್ರ ತಪ್ಪದು.

ಇನ್ನೊಂದು ವಿಚಾರ. ವಿಕಿರಣದೊಡನೆ ಕೆಲಸಮಾಡುವವರ ಎದೆಯ ಮೇಲೆ ಒಂದು ಬಿಲ್ಲೆಯಿರುತ್ತದೆ. ಮೈಗೆ ತಾಗಿದ ವಿಕಿರಣವನ್ನು ಅದು ಲೆಕ್ಕವಿಡುತ್ತದೆ. ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟನ್ನು ಮೀರಬಾರದೆಂಬ ಕಟ್ಟಳೆ ನಮ್ಮ ದೇಶದಲ್ಲಿದೆ. ಆದರೆ ರಕ್ತದ ಅರ್ಬುದವನ್ನು ತರಬಲ್ಲ ಬೆನ್ಜೀನನ್ನು ಮುಟ್ಟುವ ವಿದ್ಯಾರ್ಥಿಯ ಎದೆಯ ಮೇಲೆ ಯಾವ ಬಿಲ್ಲೆಯೂ ಇರುವುದಿಲ್ಲ. ಹೆಣಗಳನ್ನು ಕೆಡದಂತಿಡುವ ಫಾರ್ಮಲಿನ್ನಿನ ಆವಿಯಲ್ಲಿ ದಿನವೆಲ್ಲ ನಿಲ್ಲುವ ಅಂಗಶಾಸ್ತ್ರಶಾಲೆಯ ಆಳಿಗೂ ಇರುವುದಿಲ್ಲ. ಅಳೆಯದೆ ಬಿಟ್ಟುದನ್ನು ಇಲ್ಲವೆಂದು ತಿಳಿಯುವುದು ಶಾಸ್ತ್ರಜ್ಞರಿಗೆ ಒಪ್ಪುವ ಮಾತಲ್ಲ. ಆದರೂ ನಮ್ಮ ಮನೆಯೊಳಗೆ ನಾವು ಅದನ್ನೇ ಮಾಡುತ್ತೇವೆ.

ಇವನ್ನೆಲ್ಲ ಆ ರಾತ್ರಿ ಊಟವಾದ ಮೇಲೆ ಮೊಮ್ಮಗಳಿಗೆ ಹೇಳಿದೆನು. ಪರಿಚಾರಕನ ಕಥೆಯನ್ನೂ ಮುಚ್ಚಿಡದೆ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ, ತಾನು ಎಷ್ಟೋ ರಾತ್ರಿ ಒಬ್ಬಳೇ ಕೆಲಸಮಾಡುವುದುಂಟೆಂದೂ, ಗುರುಗಳು ಬೇಸರಪಟ್ಟಾರೆಂದು ಹೊಗೆಗೂಡು ಕೆಟ್ಟಿರುವುದನ್ನು ಹೇಳಿಲ್ಲವೆಂದೂ, ತಾನು ನೌಕರಳೂ ಅಲ್ಲದ ಬರಿಯ ಹುಡುಗಿಯೂ ಅಲ್ಲದ ನಡುವಿನವಳಾದುದರಿಂದ ತನ್ನ ದೇಹದ ಹೊಣೆ ಯಾವ ಕಚೇರಿಯದೆಂಬುದೇ ತಿಳಿಯದೆಂದೂ ಒಪ್ಪಿಕೊಂಡಳು. ಕೊನೆಗೆ, “ತಾತ, ನಮ್ಮಲ್ಲಿ ಪಾತ್ರೆ ತೊಳೆಯಲು ಗುತ್ತಿಗೆಯ ಹೆಂಗಸೊಬ್ಬಳು ಬರುತ್ತಾಳೆ. ಯಾವ ಸೀಸೆಯಲ್ಲಿ ಏನಿತ್ತೆಂದು ನಾವು ಅವಳಿಗೆ ಒಂದು ದಿನವೂ ಹೇಳಿಲ್ಲ” ಎಂದಳು.

ಅವಳು ಹೊರಟುಹೋದ ಮೇಲೆ ನಾನು ಪರಿಚಾರಕನ ಮನೆಯನ್ನು ಹುಡುಕಿಕೊಂಡು ಹೋದೆನು. ಅವನು ತೀರಿಕೊಂಡು ಬಹಳ ವರ್ಷಗಳಾಗಿವೆ. ಅವನ ಹೆಂಡತಿ ನನ್ನನ್ನು ಗುರುತಿಸಿ ಮಣೆ ಹಾಕಿದಳು. ನಡುಗುವ ಕೈಯನ್ನು ಕುರಿತು ನಾವು ಆಡಿಕೊಂಡುದು ತಪ್ಪೆಂದೂ, ಅವನು ಕುಡಿಯುತ್ತಿರಲಿಲ್ಲವೆಂಬುದನ್ನು ನಾನು ಬಲ್ಲೆನೆಂದೂ, ಪಾದರಸವನ್ನು ಅವನ ಕೈಯಿಂದ ಹಿಂಡಿಸಿದವನು ನಾನೆಂದೂ ಹೇಳಿದೆನು. ಅವಳು ಸೆರಗಿನಿಂದ ಬಾಯೊರೆಸಿಕೊಂಡು, “ಅವರು ಕುಡಿಯುತ್ತಿರಲಿಲ್ಲವೆಂಬುದು ನನಗೆ ಗೊತ್ತಿತ್ತು, ಸ್ವಾಮಿ. ನಿಮಗೆ ಗೊತ್ತಾದುದು ಒಳ್ಳೆಯದಾಯಿತು” ಎಂದಳು. ಅಷ್ಟೇ. ಕಾಫಿ ಕೊಟ್ಟಳು. ಲೋಟವನ್ನು ಹಿಡಿದ ನನ್ನ ಕೈ ಅಂದು ನಡುಗಿತು.

ಈಗ ವಾರಕ್ಕೊಮ್ಮೆ ಮೊಮ್ಮಗಳು ದೂರವಾಣಿಯಲ್ಲಿ ಮಾತನಾಡುತ್ತಾಳೆ. ಹೊಗೆಗೂಡಿನ ವಿಷಯವನ್ನು ಬರೆದುಕೊಟ್ಟಳಂತೆ. ಎರಡು ತಿಂಗಳಾದ ಮೇಲೆ ದುರಸ್ತಿಯಾಯಿತಂತೆ. ಸೀಸೆಗಳನ್ನು ವಿದ್ಯಾರ್ಥಿಗಳೇ ಮೊದಲು ಜಾಲಿಸಿ, ಒಳಗಿದ್ದುದರ ಹೆಸರನ್ನು ಕನ್ನಡದಲ್ಲಿ ಬರೆದು ತೊಳೆಯಲು ಕೊಡುವ ಏರ್ಪಾಡನ್ನೂ ಮಾಡಿದ್ದಾರಂತೆ. ಗುತ್ತಿಗೆಯ ಹೆಂಗಸಿಗೆ ಒಳ್ಳೆಯ ಕೈಗವಸು ಇನ್ನೂ ಬಂದಿಲ್ಲ. ಅದಕ್ಕೆ ಯಾವ ಬಾಬಿನಲ್ಲಿ ಹಣವೆಂಬುದು ಇತ್ಯರ್ಥವಾಗಬೇಕಂತೆ.

ಓದುವವರ ಮನೆಗಳಲ್ಲಿಯೂ ದೂರದ ವಿದ್ಯಾಶಾಲೆಗಳಲ್ಲಿ ದುಡಿಯುವ ಮಕ್ಕಳಿರಬಹುದು. ಅವರನ್ನು ನಾವು “ಊಟವಾಯಿತೆ?” ಎಂದು ಕೇಳುತ್ತೇವೆ, “ಪ್ರಬಂಧ ಎಲ್ಲಿಗೆ ಬಂತು?” ಎಂದು ಕೇಳುತ್ತೇವೆ. ನನ್ನ ಮನೆಯಾಕೆ ಈಗ ಇವೆರಡರ ನಡುವೆ ಇನ್ನೊಂದನ್ನು ಸೇರಿಸಿಕೊಂಡಿದ್ದಾಳೆ. “ಇವತ್ತು ಏನನ್ನು ಮುಟ್ಟಿದೆ? ಪಕ್ಕದಲ್ಲಿ ಯಾರಿದ್ದರು?” ಎಂದು ಕೇಳುತ್ತಾಳೆ. ರಾಮಾಜ್ಜೀನಿಯ ಹೆಸರನ್ನು ಅವಳು ನನ್ನ ಬಾಯಿಂದ ಕೇಳಿದುದು ಆಮೇಲೆ.